ಮೆಲಂತಿಯದ ಮೇಣದ ದೊರೆ

ಕುದುರೆಯ ಗೊರಸಿಗೆ ಇನ್ನೂ ಯಾರೂ ಲಾಳ ಹೊಡೆಯದಿದ್ದ ಕಾಲ. ಆ ಕಾಲದಲ್ಲಿ, ಯವನರ ಸೀಮೆಯ ಬಡಗಣ ತುದಿಯಲ್ಲಿ, ಬೆಟ್ಟದ ಹೆಗಲ ಮೇಲೆ ಬೆಟ್ಟ ಏರಿ ಕುಳಿತ ಜಾಗದಲ್ಲಿ, ಮೆಲಂತಿಯ ಎಂಬ ರಾಜ್ಯವೊಂದಿತ್ತು. ಅಲ್ಲಿ ಮೂರು ಕುಲದವರಿದ್ದರು. ಆಡು ಮೇಯಿಸುವವರು ಗುಡ್ಡದ ಮೇಲೆ, ಕುದುರೆ ಸಾಕುವವರು ಹೊಳೆಯ ಬದಿಗೆ, ಮರ ಕಡಿಯುವವರು ಕಾಡಿನ ಅಂಚಿಗೆ. ಮೂರು ಕುಲಕ್ಕೂ ಒಬ್ಬನೇ ದೊರೆ.

ಆ ನಾಡಿನಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ಬೆಳಿಗ್ಗೆ ಹಾಲು ಕರೆಯುತ್ತ ಕೂತವಳಿಗೆ ಗೋಡೆಯಾಚೆಯಿಂದ ನೆರೆಮನೆಯವಳ ದನಿ ಕೇಳುತ್ತಿತ್ತು: "ಇವಳ ಹಾಲಿನಲ್ಲಿ ಅರ್ಧ ನೀರು ಕಣೇ." ಎದ್ದು ಹೋಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಕೇಳಿದರೆ ನೆರೆಯವಳು ಆಣೆ ಹಾಕುತ್ತಿದ್ದಳು, ನಾನು ಹಾಗೆ ಅಂದೇ ಇಲ್ಲ ಎಂದು. ಆದರೆ ದನಿ ಅವಳದೇ. ಕಿವಿಯಾರೆ ಕೇಳಿದ್ದನ್ನು ಸುಳ್ಳು ಎನ್ನುವುದು ಹೇಗೆ? ಹೀಗೆ ಒಂದು ಮನೆಯಲ್ಲ, ಎಲ್ಲ ಮನೆ. ಅಣ್ಣ ತಮ್ಮಂದಿರು ಒಂದೇ ಒಲೆಯಿಂದ ಕೆಂಡ ತರುವುದನ್ನು ಬಿಟ್ಟರು. ಬಾಗಿಲುಗಳಿಗೆ ಎರಡೆರಡು ಅಗುಳಿ ಬಂದವು.

ಹಳೆಯ ದೊರೆ ಸತ್ತದ್ದೂ ಒಂದು ದನಿಯಿಂದಲೇ. ಒಂದು ಮುಂಜಾನೆ ಕರಿಕಮರಿಯ ಕಡೆಯಿಂದ ಅವನ ಜೀವದ ಗೆಳೆಯನ ಕೂಗು ಕೇಳಿತು: "ದೊರೆಯೇ, ಬಿದ್ದಿದ್ದೇನೆ, ಕೈ ಕೊಡು!" ದೊರೆ ಈಟಿ ಹಿಡಿದು ಒಬ್ಬನೇ ಓಡಿದ. ಕಮರಿಯ ತಳದಲ್ಲಿ ಅವನ ಹೆಣ ಸಿಕ್ಕಿತು, ಈಟಿ ಸಿಗಲಿಲ್ಲ. ಗೆಳೆಯನನ್ನು ಹಿಡಿದು ತಂದರು. "ನಾನು ಜ್ವರ ಬಂದು ಮನೆಯಲ್ಲಿ ಮಲಗಿದ್ದೆ" ಎಂದ. "ನಿನ್ನ ದನಿಯನ್ನು ಹತ್ತು ಜನ ಕೇಳಿದ್ದಾರೆ" ಎಂದರು. ಕಲ್ಲು ಹೊಡೆದು ಕೊಂದರು. ಅವನಿಗೆ ಯೂಮೇಲ ಎಂಬ ಮಗನಿದ್ದ. ಅಂದಿನಿಂದ ಯೂಮೇಲನ ಜತೆ ಯಾರೂ ಮಾತಾಡಲಿಲ್ಲ. ಅವನೂ ಯಾರ ಜತೆಗೂ ಮಾತಾಡಲಿಲ್ಲ.

ದೊರೆಗೆ ಇಬ್ಬರು ಮಕ್ಕಳು. ದೊಡ್ಡವಳು ಲಿಸಿಪ್ಪೆ, ಹನ್ನೆರಡು ವರ್ಷ. ಚಿಕ್ಕವನು ಆಲ್ಕೋನ, ಆರು ವರ್ಷ. ಮಗನಿಗೂ ಅಪ್ಪನ ಗತಿಯೇ ಆದೀತೆಂದು ತಾಯಿ ಅವನನ್ನು ಉಪ್ಪಿನ ಹಡಗಿನವರ ಕೈಗೆ ಕೊಟ್ಟು ಕಡಲ ದಂಡೆಯ ಬಿಳಿಗೋಡೆ ಪಟ್ಟಣಕ್ಕೆ ಕಳಿಸಿದಳು. ಆ ಚಳಿಗಾಲದಲ್ಲೇ ತಾಯಿಯೂ ಸತ್ತಳು. ಲಿಸಿಪ್ಪೆ ಒಬ್ಬಳೇ ಉಳಿದಳು.

ಅವಳನ್ನು ಸಾಕಿದವನು ಫೋರ್ಬಾಸ. ಮೆಲಂತರಿಗೆ ಅಕ್ಷರ ಗೊತ್ತಿರಲಿಲ್ಲ. ಹಾಗಾಗಿ ನಾಡಿನ ಕಟ್ಟಳೆಗಳೆಲ್ಲ ಒಬ್ಬ ಮನುಷ್ಯನ ನೆನಪಿನಲ್ಲಿರುತ್ತಿದ್ದವು. ಅವನನ್ನು ಕಟ್ಟಳೆಯ ಬಾಯಿ ಎನ್ನುತ್ತಿದ್ದರು. ಫೋರ್ಬಾಸ ಕಟ್ಟಳೆಯ ಬಾಯಿ. ಯಾರಾದರೂ ನಮಸ್ಕರಿಸಿದರೆ ಅವರ ಕೊರಳು ಮುಟ್ಟಿ ಹರಸುವುದು ಅವನ ಪದ್ಧತಿ. ದೊರೆಯಿಲ್ಲದ ಹದಿನಾಲ್ಕು ವರ್ಷ ಅವನೇ ನಾಡನ್ನು ನಡೆಸಿದ. ಹೋದ ವರ್ಷ "ಹೊಳೆಯ ಮೀನು ಎಲ್ಲರದು" ಎಂದಿದ್ದ ಬಾಯಿ ಈ ವರ್ಷ "ಹೊಳೆಯ ಮೀನು ಕಟ್ಟಳೆಯ ಬಾಯಿಯದು" ಎಂದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಹೋದ ವರ್ಷ ಏನೆಂದಿದ್ದ ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ ನೆನಪಾಗುತ್ತಿತ್ತು.

ಲಿಸಿಪ್ಪೆಗೆ ಮಾತ್ರ ಅವನ ಮೇಲೆ ಪ್ರಾಣ. ಲೋಕದಲ್ಲಿ ಅವಳು ನಂಬುತ್ತಿದ್ದದ್ದು ಅವನೊಬ್ಬನನ್ನೇ.

ಹದಿನೈದನೆಯ ವರ್ಷದ ವಸಂತದಲ್ಲಿ ಆಲ್ಕೋನ ಮರಳಿ ಬಂದ.

ಬಿಳಿಯ ಹೊದಿಕೆ, ಬೋಳಿಸಿದ ಗದ್ದ, ಕಡಲ ಸೀಮೆಯ ರಾಗ ಹತ್ತಿದ ಮಾತು. ಕಂಕುಳಲ್ಲಿ ಮೇಣ ಮೆತ್ತಿದ ಒಂದು ಹಲಗೆ. ಕೋಟೆಯ ಬಾಗಿಲಲ್ಲಿ ಫೋರ್ಬಾಸ ಅವನ ಕೊರಳು ಮುಟ್ಟಿ ಹರಸಿದ. ಆಲ್ಕೋನ ಅಕ್ಕನ ಕಡೆ ಓಡಿ ಬಂದ.

"ಅಕ್ಕಾ!"

"ಬನ್ನಿ, ದೊರೆ" ಎಂದಳು ಲಿಸಿಪ್ಪೆ. ಅವಳಿಗೆ ನೆನಪಿದ್ದ ತಮ್ಮ ಬಾಯಿ ಮುಚ್ಚದ ವಾಚಾಳಿ. ಇವನು ಎಲ್ಲರ ಮಾತು ಕೇಳುತ್ತ, ಹಲಗೆಯ ಮೇಲೆ ಗೀಚುತ್ತ ಸುಮ್ಮನಿರುತ್ತಿದ್ದ. ಅವನಿಗೆ ಪ್ರಿಯವಾಗಿದ್ದ ನಾಯಿಯ ಹೆಸರು ಕೇಳಿದಳು. ನೆನಪಿಲ್ಲವೆಂದ. ಕಾಯಿಸಿದ ಆಡಿನ ಹಾಲು ಕೊಟ್ಟಳು. ಮೂಸಿ ಕೆಳಗಿಟ್ಟ. ಅವಳು ಒಂದೊಂದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಳು.

ಮೂರನೆಯ ದಿನ ಹೊಳೆಯ ಬಯಲಿನಲ್ಲಿ ಸಭೆ ಕೂಡಿತು. ಆಲ್ಕೋನ ಎದ್ದು ನಿಂತ.

"ನಮ್ಮ ಕಟ್ಟಳೆಗಳನ್ನು ಕಲ್ಲಿನ ಮೇಲೆ ಕೆತ್ತಿಸೋಣ. ಒಂದೊಂದು ಕುಲದಿಂದ ವರ್ಷಕ್ಕೊಬ್ಬರು ಹಿರಿಯರು ನನ್ನ ಪಕ್ಕ ಕೂತು ನ್ಯಾಯ ಹೇಳಲಿ. ವರ್ಷಕ್ಕೊಮ್ಮೆ ನಾನು ನಿಮ್ಮೆದುರು ಆಣೆ ಇಡುತ್ತೇನೆ, ನೀವು ನನ್ನೆದುರು ಇಡಿ. ನಾನು ಮುರಿದರೆ ನನ್ನನ್ನು ಇಳಿಸಿ."

ಯಾರೂ ಜೈ ಅನ್ನಲಿಲ್ಲ. ಕೈಗೆ ಬಂದ ಅಧಿಕಾರವನ್ನು ಹಂಚುತ್ತೇನೆ ಎನ್ನುವ ದೊರೆ ಎಲ್ಲಾದರೂ ಉಂಟೇ? ಇದರಲ್ಲಿ ಏನೋ ಇದೆ ಎಂದು ಆಡಿನವರು ಮರದವರನ್ನು ನೋಡಿದರು, ಮರದವರು ಕುದುರೆಯವರನ್ನು ನೋಡಿದರು.

ಸಭೆ ಮುಗಿದ ಮೇಲೆ ಫೋರ್ಬಾಸ ಲಿಸಿಪ್ಪೆಯನ್ನು ಪಕ್ಕಕ್ಕೆ ಕರೆದ. ಅವನ ಕಣ್ಣಲ್ಲಿ ನೀರಿತ್ತು.

"ಮಗಳೇ, ಹೇಳಬಾರದು ಅಂದುಕೊಂಡಿದ್ದೆ. ಬಿಳಿಗೋಡೆ ಪಟ್ಟಣದ ಮಾಟಗಾರರು ಮೇಣದಲ್ಲಿ ಮನುಷ್ಯರನ್ನು ಎರಕ ಹೊಯ್ಯುತ್ತಾರೆ. ಆ ಹಲಗೆ ನೋಡಿದೆಯಾ? ಅದು ಅವನ ಮೈಯಿಂದ ಮಿಕ್ಕಿದ ಮೇಣ. ಅದರಲ್ಲೇ ಅವನ ಜೀವ. ನಿನ್ನ ತಮ್ಮ ಯಾವಾಗಲೋ ಸತ್ತಿದ್ದಾನೆ."

ಲಿಸಿಪ್ಪೆಯ ಎದೆ ಕಲ್ಲಾಯಿತು. "ಮತ್ತೆ ಏನು ಮಾಡುವುದು, ಹಿರಿಯರೇ?"

"ಪರದೇಶದಿಂದ ಬಂದವನು ಮೂರು ಪರೀಕ್ಷೆ ಗೆದ್ದು ಪೀಠ ಏರಬೇಕು. ಇದು ಕಟ್ಟಳೆ. ರಕ್ತ ಹಂಚಿಕೊಂಡವರು ಸಾಕ್ಷಿ ನಿಲ್ಲಬೇಕು. ನೀನು ಜತೆಗಿರು. ಕಣ್ಣು ಅವನ ಮೇಲಿರಲಿ."

ಮೊದಲನೆಯ ಪರೀಕ್ಷೆ ಕಬ್ಬಿಣದ ಕೂದಲಿನ ಹಂದಿಯದು. ಮರದವರ ಕಾಡಿನಲ್ಲಿ ಎತ್ತಿನಷ್ಟು ಎತ್ತರದ ಹಂದಿಯೊಂದಿತ್ತು. ಅದರ ಮೈಮೇಲೆ ಕೂದಲಿನ ಬದಲು ಕಬ್ಬಿಣದ ಸೂಜಿಗಳು. ಉಸಿರು ಬಿಟ್ಟರೆ ಹುಲ್ಲು ಕರಕಾಗುತ್ತಿತ್ತು. ಅದರ ಮೈಯಿಂದ ಒಂದು ಕೂದಲು ತರಬೇಕು.

ಆಲ್ಕೋನ ಕತ್ತಿ ಹಿಡಿಯಲಿಲ್ಲ. ಮರದವರ ಮನೆ ಮನೆಗೆ ಹೋದ. ಹಂದಿಯನ್ನು ಎಲ್ಲಿ ಕಂಡಿರಿ, ಯಾವ ಹೊತ್ತಿಗೆ ಕಂಡಿರಿ ಎಂದು ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೇಳಿದ. ಅವರು ಒಬ್ಬರ ಮಾತು ಒಬ್ಬರು ಕೇಳದವರು. ಇವನು ಎಲ್ಲವನ್ನೂ ಹಲಗೆಯ ಮೇಲೆ ಗೀಚಿಕೊಂಡ. ಕೊನೆಗೆ ಹಲಗೆ ನೋಡಿ, "ಮೂರು ದಿನಕ್ಕೊಮ್ಮೆ, ನಡುಮಧ್ಯಾಹ್ನ, ಒಣಕೆರೆಯ ಹತ್ತಿರದ ಓಕ್ ಮರಕ್ಕೆ ಮೈ ತಿಕ್ಕುತ್ತದೆ" ಎಂದ. ಆ ಮರದ ಬುಡಕ್ಕೆ ದೇವದಾರಿನ ಅಂಟನ್ನು ಬಳಿದು ಬಂದ. ಮೂರನೆಯ ಮಧ್ಯಾಹ್ನ ಹಂದಿ ಬಂತು. ಮೈ ತಿಕ್ಕಿತು. ಹೋಯಿತು. ಅಂಟಿನಲ್ಲಿ ಕಬ್ಬಿಣದ ಕೂದಲು ಹನ್ನೊಂದು ಸಿಕ್ಕಿದ್ದವು.

"ನೋಡಿದೆಯಾ ಅಕ್ಕಾ?" ಎಂದು ನಕ್ಕ.

ಲಿಸಿಪ್ಪೆ ನಗಲಿಲ್ಲ. ಈ ಊರಲ್ಲೇ ಹುಟ್ಟಿದವರಿಗೆ ಗೊತ್ತಿಲ್ಲದ್ದು ಇವನಿಗೆ ಹೇಗೆ ಗೊತ್ತಾಯಿತು? ಹಲಗೆ ಹೇಳಿತು. ಹಲಗೆ ಮಾತಾಡುತ್ತದೆ. ಫೋರ್ಬಾಸ ಹೇಳಿದ್ದು ನಿಜ.

ಎರಡನೆಯ ಪರೀಕ್ಷೆ ಕರಿಕಮರಿಯದು. ಹಳೆಯ ದೊರೆಯ ಈಟಿ ಇನ್ನೂ ಅಲ್ಲೇ ಬಂಡೆಯ ಸೀಳಿನಲ್ಲಿದೆ ಎಂದ ಫೋರ್ಬಾಸ. ಅದನ್ನು ತರಬೇಕು. ದೊರೆ ಸತ್ತಂದಿನಿಂದ ಅಲ್ಲಿಗೆ ಇಳಿದವರನ್ನು ಅವರಿಗೆ ಬೇಕಾದವರ ದನಿ ಕರೆಯುತ್ತದೆ. ದನಿಯ ಹಿಂದೆ ಹೋದವರು ಮೇಲೆ ಬರುವುದಿಲ್ಲ.

ಹೊರಡುವ ಮುನ್ನ ಆಲ್ಕೋನ ಹಲಗೆಯ ಮೇಲೆ ಎರಡು ಗುರುತು ಬರೆದ. "ಅಕ್ಕಾ, ಇದು ಆಡಿನ ಕೊಂಬು. ಇದನ್ನು ತೋರಿಸಿದರೆ ಬಾ ಎಂದು ಅರ್ಥ. ಇದು ಮೀನು. ಇದನ್ನು ತೋರಿಸಿದರೆ ನಿಲ್ಲು. ಕಮರಿಯಲ್ಲಿ ನಾನು ಒಂದು ಮಾತೂ ಆಡುವುದಿಲ್ಲ. ನನ್ನ ದನಿ ಕೇಳಿದರೆ ಅದು ನನ್ನದಲ್ಲ."

ಅಕ್ಕನ ಸಂಶಯ ಇನ್ನೂ ಬಲಿಯಿತು. ಬಾಯಿ ಬಿಟ್ಟರೆ ಮೇಣದ ದನಿ ಬಯಲಾದೀತು ಎಂದು ಹೆದರಿದ್ದಾನೆ. ಆದರೂ ಹಿಂದೆ ಹೋದಳು, ಸೆರಗಿನಲ್ಲಿ ಒಂದು ಕಲ್ಲು ಕಟ್ಟಿಕೊಂಡು.

ಕಮರಿಯ ದಾರಿ ಒಂದು ಆಡು ನಿಲ್ಲುವಷ್ಟು ಅಗಲ. ಬೆಳಗಿನ ಬಿಸಿಲು ತಳ ಮುಟ್ಟಿರಲಿಲ್ಲ. ತಮ್ಮ ಮುಂದೆ, ಅಕ್ಕ ಹಿಂದೆ. ಅರ್ಧ ಇಳಿದಿದ್ದರು.

"ಅಕ್ಕಾ, ಎಡಕ್ಕೆ ಬಾ. ಇಲ್ಲಿ ಬಂಡೆ ಜಾರುತ್ತದೆ."

ಆಲ್ಕೋನನ ದನಿ. ಕಡಲ ಸೀಮೆಯ ಅದೇ ರಾಗ. ಅವಳು ಎಡಗಾಲು ಇಟ್ಟಳು. ಕಾಲ ಕೆಳಗೆ ತರಗೆಲೆ ಸರಿಯಿತು, ಎಲೆಗಳ ಕೆಳಗೆ ಏನೂ ಇರಲಿಲ್ಲ. ಮುಂದೆ ನೋಡಿದರೆ ಆಲ್ಕೋನ ತಿರುಗಿ ನಿಂತಿದ್ದ. ಕೈಯಲ್ಲಿ ಹಲಗೆ, ಹಲಗೆಯ ಮೇಲೆ ಮೀನು.

"ಬೇಗ ಬಾ ಅಕ್ಕಾ!" ಎಂದು ಅದೇ ದನಿ ಮತ್ತೆ ಕೂಗಿತು. ಅವನ ತುಟಿ ಅಲುಗಲಿಲ್ಲ.

ಲಿಸಿಪ್ಪೆ ಬಂಡೆಯನ್ನು ತಬ್ಬಿ ನಿಂತು ಸುತ್ತ ನೋಡಿದಳು. ಎಡಕ್ಕೆ, ಮಾರು ದೂರದ ಕಲ್ಲಿನ ಮೇಲೆ ಬೂದುಕತ್ತಿನ ಕಾಗೆಯೊಂದು ಕೂತಿತ್ತು. ಅದರ ಕೊಕ್ಕು ತೆರೆದಿತ್ತು. ಕೊರಳು ಅಲುಗುತ್ತಿತ್ತು. ಅವಳ ತಮ್ಮನ ದನಿ ಆ ಕೊಕ್ಕಿನಿಂದ ಬರುತ್ತಿತ್ತು. ಸೆರಗಿನ ಕಲ್ಲನ್ನು ಬೀಸಿ ಒಗೆದಳು. "ಅಯ್ಯಯ್ಯೋ" ಎಂದು ತಮ್ಮನ ದನಿಯಲ್ಲೇ ಅಳುತ್ತ ಕಾಗೆ ಹಾರಿತು.

ತಳದಲ್ಲಿ ಈಟಿ ಸಿಕ್ಕಿತು. ಅದನ್ನು ಕೀಳುವಾಗ ಆಲ್ಕೋನ ಅತ್ತ. ದನಿಯಿಲ್ಲದೆ, ಹೆಗಲು ಮಾತ್ರ ಕುಲುಕುತ್ತಿತ್ತು. ಮೇಣದ ಗೊಂಬೆಗೂ ಕಣ್ಣೀರು ಬರುತ್ತದೆಯೇ ಎಂದು ಲಿಸಿಪ್ಪೆ ನೋಡುತ್ತ ನಿಂತಳು.

ಮನೆಗೆ ಬಂದರೂ ಅವಳಿಗೆ ಸಮಾಧಾನವಿಲ್ಲ. ಕಾಗೆಗಳು ಮನುಷ್ಯರ ದನಿ ಕದ್ದು ಆಡುತ್ತವೆ, ಇಷ್ಟು ತಿಳಿಯಿತು. ಆದರೆ ಯಾರ ಕಾಗೆಗಳು? ಆಲ್ಕೋನನ ದನಿ ಆಡಿದ್ದು ಆಲ್ಕೋನನದೇ ಕಾಗೆ ಇರಬಹುದಲ್ಲ? ತಾನೇ ಬಿಟ್ಟು, ತಾನೇ ಕಾಪಾಡಿದಂತೆ ನಟಿಸಿರಬಹುದಲ್ಲ? ಅವಳು ಯಾರಿಗೂ ಏನೂ ಹೇಳಲಿಲ್ಲ. ಒಂದು ಉಪಾಯ ಹೂಡಿದಳು.

ತಮ್ಮನ ಹತ್ತಿರ ಹೋಗಿ, "ಯಾರಿಗೂ ಹೇಳಬೇಡಿ ದೊರೆ, ನನಗೆ ಎಡಗಣ್ಣು ಕಾಣುವುದಿಲ್ಲ" ಎಂದಳು. ಅವನು ಗಾಬರಿಯಾಗಿ ಅವಳ ಕಣ್ಣನ್ನೇ ನೋಡಿದ.

ಫೋರ್ಬಾಸನ ಹತ್ತಿರ ಹೋಗಿ, "ಯಾರಿಗೂ ಹೇಳಬೇಡಿ ಹಿರಿಯರೇ, ಕುದುರೆಯವರ ಯಜಮಾನನನ್ನು ಮದುವೆಯಾಗೋಣ ಅಂತಿದ್ದೇನೆ" ಎಂದಳು. ಯಜಮಾನನಿಗೆ ಎಪ್ಪತ್ತು ವರ್ಷ, ಮೂರು ಹಲ್ಲು. ಫೋರ್ಬಾಸ ಅವಳ ಕೊರಳು ಮುಟ್ಟಿ, "ಒಳ್ಳೆಯದಾಗಲಿ ಮಗಳೇ" ಎಂದ.

ಮರುದಿನ ಹೊಳೆಗೆ ನೀರಿಗೆ ಹೋದಾಗ ಹೆಂಗಸರು ಅವಳನ್ನು ಕಂಡು ಒಬ್ಬರಿಗೊಬ್ಬರು ತಿವಿದುಕೊಂಡರು. ಒಬ್ಬಳು ಕೇಳಿಯೇಬಿಟ್ಟಳು: "ಏನಮ್ಮಾ, ಆ ಬೊಚ್ಚುಬಾಯಿ ಮುದುಕನೇ ಬೇಕಾಯಿತೇ ನಿನಗೆ?"

"ಯಾರು ಹೇಳಿದರು?"

"ಯಾರು ಹೇಳುವುದು! ನೀನೇ ಗೋಡೆಯಾಚೆ ಹೇಳುತ್ತಿದ್ದೆಯಲ್ಲ, ನಿನ್ನ ದನಿ ನಮಗೆ ತಿಳಿಯದೇ?"

ಎಡಗಣ್ಣಿನ ಮಾತು ಯಾರೂ ಎತ್ತಲಿಲ್ಲ.

ಲಿಸಿಪ್ಪೆಯ ಕೊಡ ಜಾರಿ ಹೊಳೆಯ ಪಾಲಾಯಿತು. ಹದಿನಾಲ್ಕು ವರ್ಷ ಅನ್ನವಿಟ್ಟ ಕೈ. ಅಮ್ಮ ಸತ್ತಾಗ ತಲೆ ನೇವರಿಸಿದ ಕೈ. ಹರಸುವ ನೆಪದಲ್ಲಿ ಒಬ್ಬೊಬ್ಬರ ಕೊರಳನ್ನೂ ಮುಟ್ಟಿ ದನಿ ಕದ್ದು ಕಾಗೆಗೆ ತೊಡಿಸಿದ್ದು ಅದೇ ಕೈ. ಅವಳು ದಂಡೆ ಹತ್ತಿದಳು. ಆಮೇಲೆ ನೇರ ಆಲ್ಕೋನನ ಹತ್ತಿರ ಹೋದಳು.

"ನನ್ನ ಎರಡು ಕಣ್ಣೂ ಚೆನ್ನಾಗಿವೆ ಕಣೋ ತಮ್ಮ" ಎಂದಳು. ನಡೆದದ್ದನ್ನೆಲ್ಲ ಹೇಳಿದಳು.

ಆಲ್ಕೋನ ಅವಳ ಕೈ ಹಿಡಿದುಕೊಂಡ. "ನೀನು ನನ್ನನ್ನೂ ಪರೀಕ್ಷೆ ಮಾಡಿದೆ."

"ಮಾಡಿದೆ. ಇನ್ನೂ ಮಾಡುತ್ತೇನೆ. ಆ ನಾಯಿಯ ಹೆಸರು ನಿಜವಾಗಿಯೂ ನೆನಪಿಲ್ಲವೇ?"

"ಇಲ್ಲ ಅಕ್ಕಾ. ಆರು ವರ್ಷದವನಿಗೆ ಎಷ್ಟು ನೆನಪಿರುತ್ತದೆ? ಅಲ್ಲಿ ಮೊದಲ ವರ್ಷ ನಮ್ಮ ಮಾತು ಆಡುವವರು ಒಬ್ಬರೂ ಇರಲಿಲ್ಲ. ನಿನ್ನ ಮುಖವನ್ನೂ ಮರೆತೆ. ಮರೆತುಹೋಗುತ್ತದೆ ಎಂಬ ಹೆದರಿಕೆಯಿಂದಲೇ ಬರೆಯಲು ಕಲಿತೆ."

ಸುಳ್ಳು ಹೇಳಬೇಕೆಂದಿದ್ದರೆ ಯಾವುದಾದರೂ ಒಂದು ಹೆಸರು ಹೇಳಬಹುದಿತ್ತು ಎಂದು ಲಿಸಿಪ್ಪೆಗೆ ಅನ್ನಿಸಿತು.

ಮೂರನೆಯ ಪರೀಕ್ಷೆಗೆ ಒಂದು ತಿಂಗಳಿತ್ತು. ಸಭೆಯ ಮುಂದೆ ನಾಡಿನ ಕಟ್ಟಳೆಗಳನ್ನೆಲ್ಲ ತಪ್ಪಿಲ್ಲದೆ ಹೇಳಬೇಕು. ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಫೋರ್ಬಾಸ. ಸೋತರೆ ಕರಿಕಮರಿಗೆ ತಳ್ಳುವುದು.

ಆ ತಿಂಗಳಲ್ಲಿ ಲಿಸಿಪ್ಪೆ ಅಕ್ಷರ ಕಲಿತಳು. ಅಕ್ಕ ತಮ್ಮ ಇಬ್ಬರೂ ಮೂರು ಕುಲದ ಹಳಬರ ಮನೆಗಳಿಗೆ ಹೋದರು. ಫೋರ್ಬಾಸ ಹುಟ್ಟುವ ಮೊದಲಿನ ಕಟ್ಟಳೆ ಏನಿತ್ತು ಎಂದು ಕೇಳಿದರು. ಒಬ್ಬರಿಗೆ ಒಂದು ಸಾಲು, ಇನ್ನೊಬ್ಬರಿಗೆ ಅರ್ಧ ಸಾಲು ನೆನಪಿತ್ತು. ಗುಡ್ಡದ ತುದಿಯ ಮೈಯಾ ಅಜ್ಜಿಗೆ ತೊಂಬತ್ತು ದಾಟಿತ್ತು. ಫೋರ್ಬಾಸನ ಹತ್ತಿರ ಒಮ್ಮೆಯೂ ಕೊರಳು ಮುಟ್ಟಿಸಿಕೊಳ್ಳದವಳು ಅವಳೊಬ್ಬಳೇ.

"ಯಾಕಜ್ಜಿ?" ಎಂದು ಲಿಸಿಪ್ಪೆ ಕೇಳಿದಳು.

"ಅವನ ಕೈ ತಣ್ಣಗಿತ್ತು" ಎಂದಳು ಅಜ್ಜಿ. "ಬರಕೋ ಮಗಾ. ನಮ್ಮಜ್ಜ ಹೇಳುತ್ತಿದ್ದದ್ದು. ಕಳವಾದ ಜೀವವನ್ನು ಅದರ ಒಡೆಯ ಹೆಸರು ಹಿಡಿದು ಕರೆದು, ಅದು ತಿರುಗಿ ನೋಡಿದರೆ, ಇಟ್ಟುಕೊಂಡವನು ಬಿಡಲೇಬೇಕು. ಆಡಿಗೂ ಇದೇ, ಕುದುರೆಗೂ ಇದೇ. ಈ ಮಣ್ಣಿನ ಕಾಳು ತಿಂದ ಎಲ್ಲಕ್ಕೂ ಈ ಕಟ್ಟು ಉಂಟು."

ಆಲ್ಕೋನ ಬರೆದುಕೊಂಡ.

ಸಭೆಯ ದಿನ ಬಂತು. ಬಯಲಿನ ನಡುವೆ ಒಂದು ದೊಡ್ಡ ಓಕ್ ಮರವಿತ್ತು. ಅದರ ತುಂಬ ಬೂದುಕತ್ತಿನ ಕಾಗೆಗಳು. ಲಿಸಿಪ್ಪೆ ಹೊಳೆ ದಾಟಿ ಆಚೆ ದಂಡೆಯಲ್ಲಿ ನಿಂತಳು. "ಇವಳಿಗೆ ಇಲ್ಲಿನ ಮಾತು ಕೇಳಿಸಬಾರದು, ಯಾರೂ ಹೋಗಿ ಹೇಳಬಾರದು, ನೀವೇ ಕಾಯಿರಿ" ಎಂದು ಆಲ್ಕೋನ ಕುದುರೆಯವರ ಇಬ್ಬರು ಹೆಂಗಸರನ್ನು ಜತೆಗೆ ಕಳಿಸಿದ್ದ. ಹೊಳೆಯ ಭೋರಿನಲ್ಲಿ ಅವಳಿಗೆ ಏನೂ ಕೇಳಿಸಲಿಲ್ಲ. ಕೈಗಳು ಆಡುವುದು ಮಾತ್ರ ಕಂಡಿತು. ತಮ್ಮ ಏನೋ ಹೇಳಿದ. ಫೋರ್ಬಾಸ ತಲೆಯಾಡಿಸಿದ. ತಮ್ಮ ಮತ್ತೇನೋ ಹೇಳಿದ. ಫೋರ್ಬಾಸ ಮತ್ತೆ ತಲೆಯಾಡಿಸಿದ. ಸೂರ್ಯ ನೆತ್ತಿಗೆ ಬಂದ.

ಆಮೇಲೆ ಒಬ್ಬ ಮನುಷ್ಯ ಹಲಗೆಯನ್ನು ತಲೆಯ ಮೇಲೆ ಹೊತ್ತು ನೀರಿಗೆ ಇಳಿದ. ಯೂಮೇಲ! ಊರಲ್ಲಿ ಒಬ್ಬ ಗೆಳೆಯನೂ ಇಲ್ಲದವನು. ಇವನು ಯಾರ ಪರವಾಗಿಯೂ ಸುಳ್ಳು ಹೇಳಲಾರ ಎಂದು ಮೂರು ಕುಲವೂ ಒಪ್ಪಿ ಕಳಿಸಿತ್ತು. ಅವನು ಒಂದು ಮಾತೂ ಆಡದೆ ಹಲಗೆ ಕೊಟ್ಟ. ಅವಳನ್ನು ಸಭೆಯ ನಡುವೆ ಕರೆತಂದು ನಿಲ್ಲಿಸಿದ.

ಅಲ್ಲಿ ನಡೆದದ್ದು ಇಷ್ಟು. ಆಲ್ಕೋನ ಹೇಳಿದ ಒಂದೊಂದು ಕಟ್ಟಳೆಯನ್ನೂ ಫೋರ್ಬಾಸ ತಪ್ಪು ಎಂದಿದ್ದ. "ಹಾಗಾದರೆ ಸರಿಯಾದದ್ದನ್ನು ನೀವೇ ಹೇಳಿ" ಎಂದು ಆಲ್ಕೋನ ಅದನ್ನೆಲ್ಲ ಬರೆದುಕೊಂಡಿದ್ದ. ಮಧ್ಯಾಹ್ನ ಅದನ್ನೇ ಮತ್ತೊಮ್ಮೆ ಹೇಳಿ ಎಂದು ಕೇಳಿದಾಗ ಫೋರ್ಬಾಸ ಬೇರೆಯೇ ಹೇಳಿದ್ದ. ತಾನು ಕಟ್ಟಿದ ಸುಳ್ಳು ತನಗೇ ನೆನಪಿರಲಿಲ್ಲ. "ಮೊದಲೂ ಇದನ್ನೇ ಹೇಳಿದ್ದೆ, ಮೇಣ ಸುಳ್ಳಾಡುತ್ತದೆ" ಎಂದು ಗದರಿದ್ದ. ಜನ ಎಂದಿನಂತೆ ಗೊಂದಲದಲ್ಲಿದ್ದರು.

"ಓದು, ಅಕ್ಕಾ" ಎಂದ ಆಲ್ಕೋನ.

ಲಿಸಿಪ್ಪೆ ಓದಿದಳು. "ಹೊಳೆಯ ಮೀನಿನಲ್ಲಿ ಮೂರರಲ್ಲೊಂದು ಪಾಲು ಕಟ್ಟಳೆಯ ಬಾಯಿಯದು. ವಿಧವೆಯ ಹೊಲ ಅವಳ ಮೈದುನನದು. ಗಡಿಕಲ್ಲು ಕಿತ್ತವನಿಗೆ..." ಅವಳು ನಿಂತಳು. ಬಿಸಿಲಿಗೆ ಮೇಣ ಕರಗಿ ಮುಂದಿನ ಅಕ್ಷರಗಳು ಒಂದರೊಳಗೊಂದು ಸೇರಿಹೋಗಿದ್ದವು. ಇಡೀ ನಾಡು ಅವಳ ಬಾಯಿಯನ್ನೇ ನೋಡುತ್ತಿತ್ತು. ಊಹಿಸಿ ಹೇಳಲೇ? ತಪ್ಪಾದರೆ ತಮ್ಮನ ಜೀವ ಹೋಗುತ್ತದೆ. ನಿಲ್ಲಿಸಿದರೂ ಹೋದೀತು.

"ಇಲ್ಲಿ ಕರಗಿದೆ" ಎಂದಳು. "ಏನು ಬರೆದಿದೆಯೋ ನನಗೆ ಗೊತ್ತಿಲ್ಲ." ಮುಂದಿನ ಸಾಲಿಗೆ ಹೋಗಿ ಕೊನೆಯವರೆಗೆ ಓದಿದಳು.

ಮೈಯಾ ಅಜ್ಜಿ ಕೋಲೂರಿ ಎದ್ದಳು. "ಬೆಳಿಗ್ಗೆ ಫೋರ್ಬಾಸ ಹೇಳಿದ್ದು ಇದನ್ನೇ. ಆಗ ಹುಡುಗಿ ಹೊಳೆಯಾಚೆ ಇದ್ದಳು. ಸುಳ್ಳಿಯಾಗಿದ್ದರೆ ಗೊತ್ತಿಲ್ಲ ಅನ್ನುತ್ತಿರಲಿಲ್ಲ, ಏನೋ ಒಂದು ಕಟ್ಟಿ ಹೇಳುತ್ತಿದ್ದಳು. ಹಲಗೆ ಮಾತು ಬದಲಿಸುವುದಿಲ್ಲ ಕಣ್ರೋ. ಬದಲಿಸುವುದು ಬಾಯಿ!"

ಫೋರ್ಬಾಸ ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದ.

ಓಕ್ ಮರದಿಂದ ಕಾಗೆಗಳು ಒಟ್ಟಿಗೆ ಬಾಯಿ ತೆರೆದವು. ನೂರು ದನಿ, ಸಾವಿರ ದನಿ. "ನಿನ್ನ ಹೆಂಡತಿ ನಿನಗೆ ವಿಷ ಹಾಕುತ್ತಾಳೆ!" "ನಿಮ್ಮಣ್ಣನೇ ನಿನ್ನ ಕುದುರೆ ಕದ್ದವನು!" "ಮರದವರು ಕೊಡಲಿ ತಂದಿದ್ದಾರೆ, ಮೊದಲು ನೀವೇ ಹೊಡೆಯಿರಿ!" ಜನ ಬೆಚ್ಚಿ ಒಬ್ಬರನ್ನೊಬ್ಬರು ನೋಡಿದರು. ಸೊಂಟದಿಂದ ಚೂರಿಗಳು ಹೊರಬಂದವು. ಆ ಗದ್ದಲದಲ್ಲಿ ಲಿಸಿಪ್ಪೆಗೆ ಅಮ್ಮನ ದನಿ ಕೇಳಿಸಿತು. ಹದಿನಾಲ್ಕು ವರ್ಷದಿಂದ ಕೇಳದ ದನಿ, ಸ್ವಲ್ಪವೂ ಮಾಸಿರಲಿಲ್ಲ.

"ಲಿಸಿಪ್ಪೆ, ಕಂದಾ, ಅವನು ನಿನ್ನ ತಮ್ಮನಲ್ಲ."

ಅವಳು ತಮ್ಮನ ಕಡೆ ತಿರುಗಿದಳು. ಆಗ ಆಲ್ಕೋನ ಅಪ್ಪನ ಈಟಿಯಿಂದ ಪಕ್ಕದವನ ಗುರಾಣಿಗೆ ಬಡಿದು ಕೂಗಿದ: "ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿಯಿರಿ! ಮೆಲಂತರೇ, ನನ್ನನ್ನು ನಂಬಬೇಡಿ, ನಿಮ್ಮ ಕಣ್ಣಿಂದ ನೀವೇ ನೋಡಿ! ಬಾಯಿಗೆ ಕೈ!"

ತಾನೇ ಮೊದಲು ಬಾಯಿ ಮುಚ್ಚಿಕೊಂಡ. ಲಿಸಿಪ್ಪೆ ಮುಚ್ಚಿಕೊಂಡಳು. ಯೂಮೇಲ, ಮೈಯಾ ಅಜ್ಜಿ, ನೀರು ಹೊರುವ ಹೆಂಗಸರು, ಮೂರು ಹಲ್ಲಿನ ಯಜಮಾನ. ಒಬ್ಬರನ್ನು ನೋಡಿ ಒಬ್ಬರು. ಕೊನೆಗೆ ಇಡೀ ಬಯಲಿನಲ್ಲಿ ತೆರೆದ ಬಾಯಿ ಒಂದೂ ಇರಲಿಲ್ಲ.

ಆದರೂ ದನಿಗಳು ಕೇಳುತ್ತಲೇ ಇದ್ದವು.

ಜನ ನಿಧಾನವಾಗಿ ತಲೆಯೆತ್ತಿ ಮರವನ್ನು ನೋಡಿದರು. ಒಬ್ಬೊಬ್ಬರಿಗೂ ತಮ್ಮದೇ ದನಿ ಯಾವುದೋ ಕೊಕ್ಕಿನಿಂದ ಬರುವುದು ಕಂಡಿತು. ತಾವು ಎಂದೂ ಆಡದ ಮಾತು. ಹಿಡಿದ ಚೂರಿಗಳು ಹುಲ್ಲಿಗೆ ಬಿದ್ದವು.

ಆಲ್ಕೋನ ಕೈ ತೆಗೆದ. "ಹಳೆಯ ಕಟ್ಟಳೆಯೊಂದಿದೆ. ಕಳವಾದದ್ದನ್ನು ಒಡೆಯ ಹೆಸರು ಹಿಡಿದು ಕರೆದರೆ ಇಟ್ಟುಕೊಂಡವನು ಬಿಡಲೇಬೇಕು." ಮರದ ಕಡೆ ತಿರುಗಿ ತನ್ನ ಹೆಸರನ್ನು ತಾನೇ ಕೂಗಿದ: "ಆಲ್ಕೋನ!"

ಒಂದು ಕಾಗೆ ತಿರುಗಿ ನೋಡಿತು. ಅದರ ಕೊರಳಿಂದ ದನಿ ಹೊಗೆಯ ಎಳೆಯಂತೆ ಹೊರಬಂದು ಅವನ ಬಾಯಿಗೆ ಸೇರಿತು. ಕಾಗೆ "ಕಾ" ಎಂದಿತು, ಬರಿಯ "ಕಾ". ಆಮೇಲೆ ಬಯಲೆಲ್ಲ ಹೆಸರುಗಳೇ. ಜನ ತಮ್ಮ ಹೆಸರು ಕೂಗಿದರು, ಮಕ್ಕಳ ಹೆಸರು ಕೂಗಿದರು. ಸತ್ತವರ ದನಿಗಳು ಉಳಿದವು. ಯೂಮೇಲ ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಗಟ್ಟಿಯಾಗಿ ಬಾಯಿ ತೆರೆದು ಅಪ್ಪನ ಹೆಸರು ಕರೆದ. ಲಿಸಿಪ್ಪೆ ಅಮ್ಮನ ಹೆಸರು ಕರೆದಳು. ಆ ದನಿ ಅವಳ ಕಿವಿಯ ಹತ್ತಿರ ಒಂದು ಕ್ಷಣ ಬೆಚ್ಚಗೆ ನಿಂತು, ಆಕಾಶಕ್ಕೆ ಹೋಯಿತು.

ಕಾಗೆಗಳೆಲ್ಲ ಬರಿಯ ಕಾಗೆಗಳಾದವು. ಮರ ಬಿಟ್ಟು ಹಾರಿಹೋದವು.

ಫೋರ್ಬಾಸ ಏನೋ ಹೇಳಲು ಬಾಯಿ ತೆರೆದ. ದನಿ ಬರಲಿಲ್ಲ. ಎಷ್ಟೋ ವರ್ಷದ ಹಿಂದೆಯೇ ಅವನು ತನ್ನ ಸ್ವಂತ ದನಿಯನ್ನು ಮಾಟಕ್ಕೆ ಬಲಿ ಕೊಟ್ಟು, ಕದ್ದ ದನಿಗಳಲ್ಲೇ ಮಾತಾಡುತ್ತಿದ್ದ.

ಲಿಸಿಪ್ಪೆ ಕಲ್ಲೆತ್ತಿಕೊಂಡಳು. ಅವಳ ಹಿಂದೆ ನೂರು ಜನ ಎತ್ತಿಕೊಂಡರು.

"ಕೆಳಗಿಡು ಅಕ್ಕಾ" ಎಂದ ಆಲ್ಕೋನ. ಅವನ ಮುಖವೂ ಬಿಳಿಚಿತ್ತು. "ನಮ್ಮ ಅಪ್ಪನನ್ನೂ ಅವನೇ ಕೊಂದಿದ್ದಾನೆ. ಆದರೆ ಆಪಾದನೆ ಹೊತ್ತವನ ಮಾತು ಕೇಳದೆ ಶಿಕ್ಷೆ ಕೊಡಬಾರದು. ಹಳಬರು ಹೇಳಿದ ಕಟ್ಟಳೆ ಇದು. ನಾವೇ ಬರೆದುಕೊಂಡಿದ್ದೇವೆ."

"ಅವನಿಗೆ ದನಿಯೇ ಇಲ್ಲವಲ್ಲೋ!"

"ಅಕ್ಷರ ಕಲಿಸು."

ಲಿಸಿಪ್ಪೆ ತಮ್ಮನನ್ನು ದುರುಗುಟ್ಟಿ ನೋಡಿದಳು. ಕಲ್ಲು ಇನ್ನೂ ಕೈಯಲ್ಲಿತ್ತು. ಆಮೇಲೆ ಯೂಮೇಲ ತನ್ನ ಕೈಯ ಕಲ್ಲನ್ನು ಹುಲ್ಲಿನ ಮೇಲೆ ಇಟ್ಟ. ಅವನೇ ಇಟ್ಟ ಮೇಲೆ ಅವಳೂ ಇಟ್ಟಳು.

ಅವಳು ಕಲಿಸಿದಳು. ದಿನವೂ ಬೆಳಿಗ್ಗೆ ಸೆರೆಮನೆಯ ಅಂಗಳದಲ್ಲಿ, ಹಲ್ಲು ಕಚ್ಚಿಕೊಂಡು. ಮೊದಮೊದಲು ಅವನು ಹಲಗೆಯನ್ನು ಒದೆಯುತ್ತಿದ್ದ. ಚಳಿಗಾಲ ಕಳೆಯಿತು. ಒಂದು ದಿನ ಅವನು ಕಡ್ಡಿ ಹಿಡಿದು, ಬಹಳ ಹೊತ್ತು ತಡೆದು, ವಕ್ರ ವಕ್ರ ಅಕ್ಷರಗಳಲ್ಲಿ ಬರೆದ: "ದೊರೆಯನ್ನು ಕೊಂದವನು ನಾನು. ಅವನ ಗೆಳೆಯನಲ್ಲ."

ಅದನ್ನು ಸಭೆಯಲ್ಲಿ ಯೂಮೇಲನೇ ಓದಿದ. ಅಷ್ಟರಲ್ಲಿ ಅವನೂ ಅಕ್ಷರ ಕಲಿತಿದ್ದ. ಓದಿ ಮುಗಿಸಿದಾಗ, ಇಷ್ಟು ವರ್ಷ ಅವನನ್ನು ಕಂಡರೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದ ಜನ ಒಬ್ಬೊಬ್ಬರೇ ಬಂದು ಅವನ ಕೈ ಹಿಡಿದರು. ಫೋರ್ಬಾಸನನ್ನು ಕಟ್ಟಳೆಯಂತೆ ನಾಡಿನಾಚೆಗೆ ಅಟ್ಟಿದರು. ಅವನು ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಟ್ಟ ಇಳಿದುಹೋದ.

ಕಟ್ಟಳೆಗಳು ಕಲ್ಲೇರಿದವು. ಮೂರು ಕುಲದಿಂದ ವರ್ಷಕ್ಕೊಬ್ಬರು ಹಿರಿಯರು ಬಂದು ದೊರೆಯ ಪಕ್ಕ ಕೂತರು. ಮೊದಲ ವರ್ಷ ಯೂಮೇಲನೂ ಅವರಲ್ಲೊಬ್ಬ. ಮಕ್ಕಳು ಹೊಳೆಯ ಮರಳಿನಲ್ಲಿ ಅಕ್ಷರ ತೀಡಿದರು. ಮನೆಗಳ ಎರಡನೆಯ ಅಗುಳಿ ಒಲೆಗೆ ಹೋಯಿತು.

ಪ್ರತಿ ವಸಂತದಲ್ಲೂ ದೊರೆ ಬಯಲಿಗೆ ಬಂದು ಆಣೆ ಇಡುತ್ತಿದ್ದ, ಜನರೂ ಇಡುತ್ತಿದ್ದರು. ಅದಕ್ಕೆ ಮೊದಲು ಲಿಸಿಪ್ಪೆ ಕಲ್ಲಿನ ಮುಂದೆ ಕೂತು, ಒಂದೊಂದು ಸಾಲಿನ ಮೇಲೂ ಬೆರಳಾಡಿಸಿ, ಯಾರಾದರೂ ಒಂದಕ್ಷರ ಕದಲಿಸಿದ್ದಾರೆಯೇ ಎಂದು ನೋಡುತ್ತಿದ್ದಳು. ಬಿಸಿಲೇರುತ್ತಿತ್ತು. ಜನ ಕಾಯುತ್ತಿದ್ದರು.

"ಇನ್ನೂ ಎಷ್ಟು ಹೊತ್ತು ಅಕ್ಕಾ? ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ?" ಎಂದು ದೊರೆ ನಗುತ್ತಿದ್ದ.

"ನೀನು ಸುಮ್ಮನೆ ನಿಂತಿರು" ಎನ್ನುತ್ತಿದ್ದಳು ಅವಳು, ಬೆರಳು ತೆಗೆಯದೆ.

ಹೀಗೆ ಅವರು ಬಾಳಿದರು. ಆಡುಗಳು ಅವಳಿ ಮರಿ ಹಾಕಿದವು, ಹೊಳೆಯ ಮೀನು ಎಲ್ಲರದೂ ಆಯಿತು, ಮೆಲಂತಿಯದ ಜನ ಒಬ್ಬರ ಒಲೆಯಿಂದ ಒಬ್ಬರು ಕೆಂಡ ತಂದು ಅಡುಗೆ ಮಾಡಿ ಉಂಡು ಸುಖವಾಗಿದ್ದರು. ಅವರ ಸುಖದಲ್ಲಿ ನಮಗೂ ಒಂದು ಪಾಲಿರಲಿ.